ಸೂರ್ಯದೇವಿಯನ್ನು ಹೊರಗೆ ಕರೆದ ಕುಣಿತ



ಜಪಾನಿನ ದಕ್ಷಿಣಕ್ಕೆ ಕ್ಯೂಶು ಎಂಬ ದೊಡ್ಡ ದ್ವೀಪವಿದೆ. ಅಲ್ಲಿಯ ಮಿಯಾಜಾಕಿ ಪ್ರಾಂತ್ಯದ ಉತ್ತರ ಭಾಗದ ಗುಡ್ಡಗಾಡಿನಲ್ಲಿ ತಕಾಚಿಹೊ ಎಂಬ ಊರು. ಕಡಿದಾದ ಕಣಿವೆ, ಅದರ ಏರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಭತ್ತದ ಗದ್ದೆಗಳು. ಕೊಯ್ಲು ಮುಗಿದು ಚಳಿ ಏರುವ ನವೆಂಬರ್ ನಡುವಿನಿಂದ ಫೆಬ್ರವರಿಯ ಆರಂಭದವರೆಗೆ ಸುತ್ತಲಿನ ಹಳ್ಳಿಗಳು ಒಂದೊಂದು ವಾರಾಂತ್ಯ ಒಂದೊಂದರಂತೆ ಇಡೀ ರಾತ್ರಿಯ ಕುಣಿತವನ್ನು ನಡೆಸುತ್ತವೆ. ಇದರ ಹೆಸರು ಕಗುರ. ಪೂರ್ತಿ ಆಟದಲ್ಲಿ ಒಟ್ಟು 33 ನೃತ್ಯಗಳು. ಸಂಜೆ ಡೋಲು ಬಿದ್ದರೆ ಮರುದಿನ ಹೊತ್ತೇರಿದ ಮೇಲೆಯೇ ನಿಲ್ಲುವುದು. ಇಷ್ಟೆಲ್ಲ ನೃತ್ಯಗಳ ನಡುವೆ ಊರವರು ಕಾದು ಕೂರುವುದು ಬೆಳಗಿನ ಜಾವಕ್ಕೆ ಬರುವ ಐದಾರು ನೃತ್ಯಗಳಿಗೆ. ಅವುಗಳಲ್ಲಿ ಹೇಳುವುದು ಒಂದೇ ಕತೆ: ಸೂರ್ಯ ಕಾಣದಾದದ್ದು, ಮತ್ತೆ ಬಂದದ್ದು.

ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಕ್ರಿ.ಶ. 712ರಲ್ಲಿ ಸಿದ್ಧವಾದ ‘ಕೊಜಿಕಿ’ ಜಪಾನಿನಲ್ಲಿ ಉಳಿದುಬಂದಿರುವ ಅತಿ ಹಳೆಯ ಗ್ರಂಥ. ಅದರಲ್ಲಿ ಸೂರ್ಯ ಹೆಣ್ಣು. ಅವಳ ಹೆಸರು ಅಮತೆರಾಸು. ಅವಳ ತಮ್ಮ ಸುಸಾನೊ ಪುಂಡ. ಅವನು ಅಕ್ಕನ ಗದ್ದೆಗಳ ಬದುಗಳನ್ನು ಒಡೆಯುತ್ತಾನೆ, ನೀರಿನ ಕಾಲುವೆಗಳನ್ನು ಮುಚ್ಚುತ್ತಾನೆ. ಅಕ್ಕ ಸಹಿಸಿಕೊಳ್ಳುತ್ತಾಳೆ, ತಮ್ಮನ ಪರವಾಗಿ ಮಾತೂ ಆಡುತ್ತಾಳೆ. ಕೊನೆಗೆ ಅವನು ಕುದುರೆಯೊಂದರ ಚರ್ಮ ಸುಲಿದು, ದೇವತೆಗಳ ಬಟ್ಟೆ ನೇಯುವ ಮನೆಯ ಮಾಡನ್ನು ತೂತುಮಾಡಿ ಅದನ್ನು ಒಳಕ್ಕೆ ಎಸೆಯುತ್ತಾನೆ. ಮಗ್ಗದ ಮುಂದಿದ್ದ ಹುಡುಗಿ ಬೆಚ್ಚಿ, ಲಾಳಿ ತಗುಲಿ ಸಾಯುತ್ತಾಳೆ. ಅಮತೆರಾಸು ಆಗ ಒಂದು ಕಲ್ಲುಗುಹೆಯನ್ನು ಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಲೋಕವೆಲ್ಲ ಕತ್ತಲಾಗುತ್ತದೆ.

ಇನ್ನು ಮುಂದಿನದನ್ನು ಗಮನವಿಟ್ಟು ಕೇಳಿ. ಕತ್ತಲಲ್ಲಿ ದೇವತೆಗಳು ಯಾರನ್ನೂ ಶಪಿಸುವುದಿಲ್ಲ, ಯಾರ ಮೇಲೂ ಯುದ್ಧಕ್ಕೆ ಹೋಗುವುದಿಲ್ಲ. ಎಂಬತ್ತು ಲಕ್ಷ ದೇವತೆಗಳು ಒಣಗಿದ ಹೊಳೆಯ ಪಾತ್ರದಲ್ಲಿ ಸಭೆ ಸೇರುತ್ತಾರೆ. ಒಮೊಇಕಾನೆ ಎಂಬ ಬುದ್ಧಿವಂತ ದೇವತೆ ಒಂದು ಉಪಾಯ ಹೂಡುತ್ತಾನೆ. ಹುಂಜಗಳನ್ನು ತಂದು ಕೂಗಿಸುತ್ತಾರೆ. ಒಂದು ಕನ್ನಡಿಯನ್ನು ಎರಕ ಹೊಯ್ಯಿಸುತ್ತಾರೆ. ಹಸಿರು ಮರವೊಂದನ್ನು ಬೇರುಸಹಿತ ಕಿತ್ತು ತಂದು ಅದಕ್ಕೆ ಮಣಿಸರಗಳನ್ನೂ ಕನ್ನಡಿಯನ್ನೂ ತೂಗುಹಾಕುತ್ತಾರೆ. ಆಮೇಲೆ ಉಜುಮೆ ಎಂಬ ದೇವಿ ಮುಂದೆ ಬರುತ್ತಾಳೆ. ಗುಹೆಯ ಬಾಗಿಲ ಮುಂದೆ ಮರದ ತೊಟ್ಟಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು, ದಬದಬ ಸದ್ದು ಬರುವಂತೆ ತುಳಿದು ಕುಣಿಯತೊಡಗುತ್ತಾಳೆ. ಮೈದುಂಬಿ ಕುಣಿಯುತ್ತ ಉಡುಗೆ ಜಾರಿದರೂ ಅವಳಿಗೆ ಪರಿವೆಯಿಲ್ಲ. ಎಂಬತ್ತು ಲಕ್ಷ ದೇವತೆಗಳೂ ಸ್ವರ್ಗ ನಡುಗುವ ಹಾಗೆ ನಗುತ್ತಾರೆ.

ಒಳಗಿರುವ ಅಮತೆರಾಸುವಿಗೆ ಅಚ್ಚರಿ. ತಾನಿಲ್ಲದೆ ಲೋಕ ಕತ್ತಲಾಗಿರಬೇಕು, ಇವರೇಕೆ ನಗುತ್ತಿದ್ದಾರೆ? ಬಾಗಿಲನ್ನು ತುಸು ಸರಿಸಿ ಕೇಳುತ್ತಾಳೆ. ನಿನಗಿಂತ ಹಿರಿಯ ದೇವತೆ ಬಂದಿದ್ದಾಳೆ, ಆ ಸಂತೋಷಕ್ಕೆ ಕುಣಿಯುತ್ತಿದ್ದೇವೆ ಎನ್ನುತ್ತಾಳೆ ಉಜುಮೆ. ಕನ್ನಡಿಯನ್ನು ಎದುರು ಹಿಡಿಯುತ್ತಾರೆ. ತನ್ನದೇ ಹೊಳಪನ್ನು ಕಂಡು ಬೆರಗಾಗಿ ಅವಳು ಇನ್ನಷ್ಟು ಈಚೆ ಬರುತ್ತಾಳೆ. ಬಾಗಿಲ ಮರೆಯಲ್ಲಿ ಕಾದಿದ್ದ ಬಲಶಾಲಿ ತಾಜಿಕರಾವೊ ಕೈಹಿಡಿದು ಹೊರಗೆಳೆಯುತ್ತಾನೆ. ಇನ್ನೊಬ್ಬ ಅವಳ ಹಿಂದೆ ಹಗ್ಗ ಕಟ್ಟಿ, ಇದನ್ನು ದಾಟಿ ಹಿಂದಕ್ಕೆ ಹೋಗಬೇಡ ಎನ್ನುತ್ತಾನೆ. ಲೋಕಕ್ಕೆ ಮತ್ತೆ ಬೆಳಕು ಬರುತ್ತದೆ.

ಇದು ಸೂರ್ಯಗ್ರಹಣದ ನೆನಪು ಎಂದು ಅನೇಕ ವಿದ್ವಾಂಸರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಪೂರ್ಣಗ್ರಹಣವನ್ನು ಕಣ್ಣಾರೆ ಕಂಡವರಿಗೆ ಈ ಮಾತು ಸಹಜವೆನಿಸುತ್ತದೆ. ನಡುಹಗಲಲ್ಲಿ ಬೆಳಕು ಸೋರಿಹೋಗುತ್ತದೆ, ಗಾಳಿ ತಣ್ಣಗಾಗುತ್ತದೆ, ಹಕ್ಕಿಗಳು ಗೂಡಿಗೆ ಮರಳುತ್ತವೆ, ಶುಕ್ರ ಮಿನುಗುತ್ತದೆ. ಕೆಲವೇ ನಿಮಿಷಗಳ ಮೇಲೆ ಚಂದ್ರಬಿಂಬದ ಅಂಚಿನಿಂದ ಒಂದೇ ಒಂದು ಚುಕ್ಕೆ ಬೆಳಕು ಸಿಡಿಯುತ್ತದೆ. ಅದನ್ನು ವಜ್ರದುಂಗುರ ಎನ್ನುತ್ತಾರೆ. ಬೆಳಗಾಯಿತೆಂದುಕೊಂಡು ಹುಂಜಗಳು ಕೂಗುತ್ತವೆ. ತುಸುವೇ ಸರಿದ ಬಾಗಿಲ ಸಂದಿನಿಂದ ಮೊದಲ ಬೆಳಕು ಹೊರಬರುವ ಚಿತ್ರಕ್ಕೂ ಇದಕ್ಕೂ ಎಷ್ಟು ಹೊಂದಿಕೆ ನೋಡಿ.

ಇದಕ್ಕೆ ಇಸವಿಯನ್ನು ಹುಡುಕಿದವರೂ ಇದ್ದಾರೆ. ಮೂರನೆಯ ಶತಮಾನದಲ್ಲಿ ಹಿಮಿಕೊ ಎಂಬ ರಾಣಿ ಜಪಾನಿನ ಒಂದು ಭಾಗವನ್ನು ಆಳುತ್ತಿದ್ದಳೆಂದು ಚೀನಾದ ಇತಿಹಾಸ ಗ್ರಂಥ ಹೇಳುತ್ತದೆ. ಅವಳು ತೀರಿಕೊಂಡದ್ದು 247–248ರ ಸುಮಾರಿಗೆ. 247ರ ಮಾರ್ಚ್ 24ರಂದು ಒಂದು, 248ರ ಸೆಪ್ಟೆಂಬರ್ 5ರಂದು ಇನ್ನೊಂದು ಗ್ರಹಣವಾಗಿದ್ದು ಲೆಕ್ಕದಿಂದ ತಿಳಿಯುತ್ತದೆ. ರಾಣಿ ಸತ್ತದ್ದು, ಸೂರ್ಯ ಮರೆಯಾದದ್ದು, ಎರಡೂ ಸೇರಿ ಈ ಕತೆಯಾಯಿತು ಎಂಬುದು ಒಂದು ವಾದ. ಅಷ್ಟು ಹಿಂದಿನ ಗ್ರಹಣದ ನೆರಳು ನೆಲದ ಮೇಲೆ ಸರಿಯಾಗಿ ಎಲ್ಲಿ ಬಿದ್ದಿತ್ತೆಂದು ಹೇಳುವುದು ಮಾತ್ರ ಕಷ್ಟ. ಚಂದ್ರನ ಸೆಳೆತದಿಂದ ಏಳುವ ಉಬ್ಬರವಿಳಿತಗಳು ಭೂಮಿಯ ತಿರುಗುವಿಕೆಗೆ ಸದಾ ಲಗಾಮು ಹಾಕುತ್ತಿರುತ್ತವೆ. ಸಾವಿರಾರು ವರ್ಷಗಳಲ್ಲಿ ಈ ನಿಧಾನವೆಲ್ಲ ಕೂಡಿಬರುತ್ತದೆ. ಲೆಕ್ಕದಲ್ಲಿ ಕೆಲವು ನಿಮಿಷ ಹೆಚ್ಚುಕಡಿಮೆಯಾದರೆ ನೆರಳಿನ ದಾರಿ ನೂರಾರು ಕಿಲೋಮೀಟರ್ ಆಚೀಚೆ ಆಗುತ್ತದೆ.

ಇದಕ್ಕಿಂತ ಗಟ್ಟಿಯಾದ ಒಂದು ದಾಖಲೆ ಇದೆ. 720ರಲ್ಲಿ ಮುಗಿದ ‘ನಿಹೊನ್ ಶೊಕಿ’ ಎಂಬ ಚರಿತ್ರೆಯಲ್ಲಿ ಬರುವ ಮೊದಲ ಗ್ರಹಣ 628ರ ಏಪ್ರಿಲ್ 10ರದು. ಆಗ ಆಳುತ್ತಿದ್ದವಳು ಸುಇಕೊ ಎಂಬ ಸಾಮ್ರಾಜ್ಞಿ. ಅವಳು ಕಾಯಿಲೆ ಬಿದ್ದಿದ್ದಳು. ಗ್ರಹಣವಾದ ಐದನೆಯ ದಿನ ತೀರಿಕೊಂಡಳು. ಸೂರ್ಯದೇವಿಯ ವಂಶದವಳೆಂದು ಜನ ನಂಬಿದ್ದ ಹೆಣ್ಣು ಅರಸಿಯ ಕೊನೆಯ ದಿನಗಳಲ್ಲಿ ಸೂರ್ಯನೇ ಕಪ್ಪಾದ. ಗುಹೆಯ ಕತೆಯನ್ನು ಬರೆದಿಟ್ಟವರು ಇದಾಗಿ ನೂರು ವರ್ಷ ತುಂಬುವುದರೊಳಗೆ ಬದುಕಿದ್ದವರು. ಕತೆ ಅದಕ್ಕೂ ಹಳೆಯದಾಗಿರಬಹುದು. ಆದರೆ ಅದನ್ನು ಬರೆದ ಕೈಗಳಿಗೆ ಈ ನೆನಪು ತಟ್ಟದೆ ಇದ್ದಿರಲಾರದು ಎಂದು ನನಗೆ ತೋರುತ್ತದೆ.

ಇನ್ನೊಂದು ವಾದ ಚಳಿಗಾಲದ್ದು. ಹಗಲು ಕುಗ್ಗಿ ಕುಗ್ಗಿ ಸೂರ್ಯ ಸೊರಗಿದಂತೆ ಕಾಣುವ ದಿನಗಳಲ್ಲಿ ಅವನಿಗೆ ಮತ್ತೆ ಕಸುವು ತುಂಬುವ ಆಚರಣೆ ಇದು ಎನ್ನುತ್ತಾರೆ. ಕಗುರ ನಡೆಯುವ ತಿಂಗಳುಗಳನ್ನು ನೋಡಿದರೆ ಇದನ್ನೂ ತಳ್ಳಿಹಾಕಲಾಗದು. ನನ್ನ ಅಭಿಪ್ರಾಯ ಇಷ್ಟು: ಗ್ರಹಣದ ಗಾಬರಿ ಕತೆಯನ್ನು ಕೊಟ್ಟಿತು, ಪ್ರತಿ ವರ್ಷ ಬರುವ ಚಳಿಗಾಲ ಆ ಕತೆಯನ್ನು ಕುಣಿಯಲು ನೆಪ ಕೊಟ್ಟಿತು. ಏಕೆಂದರೆ ಪೂರ್ಣ ಸೂರ್ಯಗ್ರಹಣ ಒಂದು ಊರಿಗೆ ಮತ್ತೆ ಬರಬೇಕಾದರೆ ಸರಾಸರಿ 375 ವರ್ಷ ಬೇಕು. ಅಷ್ಟರಲ್ಲಿ ಹದಿನೈದು ತಲೆಮಾರು ಕಳೆದಿರುತ್ತದೆ. ಕಂಡವರು ಯಾರೂ ಉಳಿದಿರುವುದಿಲ್ಲ, ಕಂಡವರಿಂದ ಕೇಳಿದವರೂ ಉಳಿದಿರುವುದಿಲ್ಲ. ಬರಹವಿಲ್ಲದ ಹಳ್ಳಿಯೊಂದು ಇಂಥ ಅನುಭವವನ್ನು ಮರೆಯದೆ ಇಟ್ಟುಕೊಳ್ಳಲು ಇದ್ದ ದಾರಿ ಅದನ್ನು ಪ್ರತಿ ವರ್ಷ ಕುಣಿಯುವುದು, ಮಗನಿಗೆ ಕಲಿಸುವುದು, ಅವನು ಅವನ ಮಗನಿಗೆ ಕಲಿಸುವಂತೆ ನೋಡಿಕೊಳ್ಳುವುದು.

ಈಗ ಆಟದ ಮನೆಗೆ ಬರೋಣ. ಇದಕ್ಕೆ ರಂಗಮಂದಿರ ಬೇಕಿಲ್ಲ. ಊರಿನ ಒಂದು ಮನೆ ಆ ವರ್ಷದ ಕಗುರಕ್ಕೆ ಆತಿಥೇಯ. ಈಚೆಗೆ ಎಷ್ಟೋ ಕಡೆ ಊರಿನ ಸಮುದಾಯ ಭವನದಲ್ಲೂ ನಡೆಯುತ್ತದೆ. ಮನೆಯ ದೊಡ್ಡ ಕೋಣೆಯ ಜಾರುಬಾಗಿಲುಗಳನ್ನು ತೆಗೆದಿಟ್ಟು, ಸುಮಾರು ಹನ್ನೆರಡು ಅಡಿ ಉದ್ದಗಲದ ಚೌಕವನ್ನು ಹಗ್ಗ ಕಟ್ಟಿ ಗುರುತಿಸುತ್ತಾರೆ. ಹಗ್ಗಕ್ಕೆ ಬಿಳಿಯ ಕಾಗದದ ಕತ್ತರಿ ಚಿತ್ತಾರಗಳನ್ನು ತೂಗುಬಿಡುತ್ತಾರೆ. ಆ ಚೌಕದೊಳಗೆ ಕುಣಿಯುವವರು ವೃತ್ತಿ ಕಲಾವಿದರಲ್ಲ. ಬೇಸಾಯ ಮಾಡುವವರು, ಕಚೇರಿಗೆ ಹೋಗುವವರು, ಅಂಗಡಿ ಇಟ್ಟವರು, ಎಲ್ಲರೂ ಆ ಊರಿನ ಗಂಡಸರೇ. ಅಂದು ರಾತ್ರಿ ಮಾತ್ರ ಅವರನ್ನು ದೇವರ ಸೇವಕರೆಂದು ಗೌರವದಿಂದ ಕರೆಯುತ್ತಾರೆ. ಒಂದು ಡೋಲು, ಒಂದು ಕೊಳಲು, ಕೈಯಲ್ಲಿ ಗೆಜ್ಜೆಗೊಂಚಲು. ನೋಡುವವರು ಚೌಕದ ಸುತ್ತ ಒತ್ತಿಕೊಂಡು ಕೂರುತ್ತಾರೆ. ಹಸಿ ಬಿದಿರಿನ ಅಂಡೆಯಲ್ಲಿ ಅಕ್ಕಿಯ ಮದ್ಯವನ್ನು ಬೆಂಕಿಯ ಪಕ್ಕ ಬಿಸಿಮಾಡಿ ಹಂಚುತ್ತಾರೆ. ತೂಕಡಿಸುವವರು ಅಲ್ಲೇ ತೂಕಡಿಸುತ್ತಾರೆ. ಮಕ್ಕಳು ಹೊದಿಕೆ ಹೊದ್ದು ಮಲಗಿರುತ್ತಾರೆ. ಕರಾವಳಿ, ಮಲೆನಾಡುಗಳಲ್ಲಿ ಬೆಳಗಿನವರೆಗೆ ಯಕ್ಷಗಾನ ನೋಡಿ ಬೆಳೆದವರಿಗೆ ಈ ರಾತ್ರಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ರಾತ್ರಿಯ ನಡುವೆ ಒಂದು ನಗೆಯ ನೃತ್ಯ ಬರುತ್ತದೆ. ಜಗತ್ತನ್ನು ಹುಟ್ಟಿಸಿದ ಆದಿದಂಪತಿಗಳು ಕೂಡಿ ಮದ್ಯ ಮಾಡುತ್ತಾರೆ, ಕುಡಿಯುತ್ತಾರೆ, ಅಮಲೇರಿ ತಬ್ಬಿಕೊಳ್ಳುತ್ತಾರೆ, ಚೌಕ ದಾಟಿ ಬಂದು ನೋಡುವವರನ್ನೂ ಎಳೆದಾಡುತ್ತಾರೆ. ಇದಕ್ಕೆ ನಾಚುವವರು ಯಾರೂ ಇಲ್ಲ. ನಗು ಇಲ್ಲಿ ಪೂಜೆಯ ಒಂದು ಅಂಗ. ಬಾಗಿಲು ತೆರೆಸಿದ್ದೇ ನಗು ಅಲ್ಲವೆ?

ಆಮೇಲೆ ಗುಹೆಯ ಪ್ರಸಂಗ. ತಾಜಿಕರಾವೊ ಬಿಳಿಯ ಮುಖವಾಡ ತೊಟ್ಟು ಬರುತ್ತಾನೆ. ಅಷ್ಟು ಬಲಶಾಲಿಯಾದವನು ಮೊದಲು ಮಾಡುವುದು ಕಿವಿಗೊಟ್ಟು ಕೇಳುವ ಕೆಲಸ. ತಲೆ ಬಾಗಿಸುತ್ತಾನೆ, ನಿಲ್ಲುತ್ತಾನೆ, ಯೋಚಿಸುತ್ತಾನೆ. ಕತ್ತಲಲ್ಲಿ ಗುಹೆ ಎಲ್ಲಿದೆಯೆಂದು ಸದ್ದಿನಿಂದ ಹುಡುಕುತ್ತಿದ್ದಾನೆ. ದಾಖಲೆ ಚಿತ್ರಗಳಲ್ಲಿ ಈ ನೃತ್ಯವನ್ನು ನೋಡುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಭಾಗ. ಗ್ರಹಣದ ಕತ್ತಲನ್ನು ತೋರಿಸಲು ದೀಪ ಆರಿಸಿಲ್ಲ, ಪರದೆ ಎಳೆದಿಲ್ಲ. ಕೋಣೆಯಲ್ಲಿ ಬೆಳಕು ಇದ್ದ ಹಾಗೆಯೇ ಇದೆ. ಕಣ್ಣಿಗೆ ಏನೂ ಕಾಣದವನ ನಡೆಯಿಂದಲೇ ನಮಗೆ ಕತ್ತಲು ಕಾಣುತ್ತದೆ.

ನಂತರ ಉಜುಮೆ. ಗಂಡಸೊಬ್ಬ ಹೆಣ್ಣಿನ ಮುಖವಾಡ ತೊಟ್ಟಿರುತ್ತಾನೆ. ಗ್ರಂಥದಲ್ಲಿರುವ ಅಬ್ಬರದ ಕುಣಿತ ಇಲ್ಲಿಲ್ಲ. ತಕಾಚಿಹೊದ ಉಜುಮೆ ಮೆಲ್ಲಗೆ, ನಯವಾಗಿ ಚೌಕವನ್ನು ಸುತ್ತುತ್ತಾಳೆ. ಕೆಲವರಿಗೆ ಇದು ನಿರಾಸೆ ತರಬಹುದು. ನನಗೆ ಮಾತ್ರ ಈ ಮೃದುತನ ಸರಿಯೆನಿಸುತ್ತದೆ. ಮುನಿಸಿಕೊಂಡವರ ಬಾಗಿಲ ಮುಂದೆ ಇಡೀ ರಾತ್ರಿ ಗದ್ದಲ ಮಾಡಿಯಾಗಿದೆ. ಬೆಳಗಿನ ಜಾವದಲ್ಲಿ ಇನ್ನೇನಿದ್ದರೂ ಓಲೈಸುವುದು ಮಾತ್ರ. ಅವಳ ಬೆನ್ನಿಗೆ ಕೆಂಪು ಮುಖವಾಡದ ದೇವತೆ ನುಗ್ಗಿ ಬರುತ್ತಾನೆ. ಕಲ್ಲಿನ ಬಾಗಿಲನ್ನು ಹಿಡಿದು, ಮೈಯ ಬಲವನ್ನೆಲ್ಲ ಹಾಕಿ ಎತ್ತಿ ಎಸೆಯುತ್ತಾನೆ. ಆ ಬಾಗಿಲು ಹಾರಿಹೋಗಿ ದೂರದ ನಗಾನೊ ಪ್ರಾಂತ್ಯದಲ್ಲಿ ಬಿದ್ದು ಟೊಗಕುಷಿ ಬೆಟ್ಟವಾಯಿತೆಂದು ಜನ ಹೇಳುತ್ತಾರೆ. ಇಷ್ಟು ಮುಗಿಯುವಾಗ ಬಹುಪಾಲು ಹಳ್ಳಿಗಳಲ್ಲಿ ಹೊರಗೆ ನಿಜವಾಗಿಯೂ ಬೆಳಕು ಹರಿಯುತ್ತಿರುತ್ತದೆ. ಕೊನೆಯ ನೃತ್ಯದಲ್ಲಿ ಚೌಕದ ಮೇಲೆ ಕಟ್ಟಿದ್ದ, ‘ಮೋಡ’ ಎಂದು ಕರೆಯುವ ಅಲಂಕಾರವನ್ನು ಕೆಳಗಿಳಿಸುತ್ತಾರೆ.

ತಕಾಚಿಹೊದ ರಾತ್ರಿ ಕಗುರವನ್ನು ಜಪಾನ್ ಸರ್ಕಾರ 1978ರಲ್ಲಿ ಮಹತ್ವದ ಜನಪದ ಪರಂಪರೆಯೆಂದು ಗುರುತಿಸಿತು. ಇಡೀ ರಾತ್ರಿ ಕೂರಲಾಗದವರಿಗಾಗಿ ಊರಿನ ಮುಖ್ಯ ದೇವಾಲಯದಲ್ಲಿ ದಿನವೂ ರಾತ್ರಿ ಎಂಟು ಗಂಟೆಗೆ ನಾಲ್ಕು ನೃತ್ಯಗಳನ್ನು ಒಂದು ತಾಸು ಆಡಿ ತೋರಿಸುತ್ತಾರೆ. ಹತ್ತಿರದಲ್ಲೇ ಅಮಾನೊ ಇವಾತೊ ದೇವಾಲಯವಿದೆ. ಅಲ್ಲಿ ಹೊಳೆಯಾಚೆಯ ಗುಹೆಯೇ ಅಮತೆರಾಸು ಅಡಗಿದ್ದ ಜಾಗವೆಂದು ದೂರದಿಂದ ಕೈಮುಗಿಯಬಹುದು, ಫೋಟೊ ತೆಗೆಯುವಂತಿಲ್ಲ. ದೇವತೆಗಳು ಸಭೆ ಸೇರಿದ್ದರೆನ್ನುವ, ಹೊಳೆಯ ದಡದ ಇನ್ನೊಂದು ಗುಹೆಯ ತುಂಬ ಭಕ್ತರು ಕಲ್ಲಿನ ಮೇಲೆ ಕಲ್ಲು ಪೇರಿಸಿಟ್ಟ ಪುಟ್ಟ ಗೋಪುರಗಳಿವೆ. ಇಷ್ಟಾದರೂ ಕಗುರದ ಬಗೆಗಿನ ಕಳವಳ ತಪ್ಪಿಲ್ಲ. ಹರೆಯದವರು ನಗರ ಸೇರಿದ್ದಾರೆ. ಇಡೀ ರಾತ್ರಿಯ ಆಟವನ್ನು ಮೊಟಕುಗೊಳಿಸಿ ಹಗಲಿಗೆ ತಂದುಕೊಂಡ ಹಳ್ಳಿಗಳೂ ಇವೆ. ಬೆಳಗಿನ ಜಾವವಿಲ್ಲದ ಗುಹೆಯ ಪ್ರಸಂಗ ಅರ್ಧ ಕಳೆದುಕೊಂಡಂತೆಯೇ ಸರಿ.

ಉಜುಮೆಯ ಆ ಕುಣಿತದಿಂದ ತಮ್ಮ ರಂಗಭೂಮಿ ಹುಟ್ಟಿತೆಂದು ಜಪಾನಿನವರು ನಂಬುತ್ತಾರೆ. ‘ನೋ’ ಎಂಬ ಜಪಾನಿ ನಾಟಕ ಪ್ರಕಾರದ ಮಹಾನ್ ಗುರು ಜೆಆಮಿ ಸುಮಾರು 1400ರ ಹೊತ್ತಿಗೆ ಬರೆಯತೊಡಗಿದ ‘ಫೂಶಿಕಾದೆನ್’ ಎಂಬ ಗ್ರಂಥದಲ್ಲಿ ತನ್ನ ಕಲೆಯ ಮೂಲ ಗುಹೆಯ ಮುಂದಿನ ಉಜುಮೆಯ ಕುಣಿತ ಎನ್ನುತ್ತಾನೆ. ಅದರ ಜೊತೆಯಲ್ಲೇ ಅವನು ಹೇಳುವ ಇನ್ನೊಂದು ಮೂಲ ನಮ್ಮ ದೇಶದ್ದು. ಶ್ರಾವಸ್ತಿಯಲ್ಲಿ ಸುದತ್ತನೆಂಬ ಸಿರಿವಂತ ಜೇತವನ ವಿಹಾರವನ್ನು ಕಟ್ಟಿಸಿ ಬುದ್ಧನಿಗೆ ಒಪ್ಪಿಸುವ ದಿನ, ದೇವದತ್ತ ಹಿಂಡುಗಟ್ಟಿ ಬಂದು ಕುಣಿದು ಕಿರುಚಿ ಅಡ್ಡಿ ಮಾಡಿದನಂತೆ. ಆಗ ಬುದ್ಧನ ಶಿಷ್ಯ ಶಾರಿಪುತ್ರ ಹಿಂಬಾಗಿಲ ಕಡೆ ಡೋಲು ಕೊಳಲು ಕೂಡಿಸಿ 66 ಬಗೆಯ ಆಟಗಳನ್ನು ಆಡಿಸಿದ. ಗದ್ದಲ ಮಾಡಲು ಬಂದವರು ನೋಡುತ್ತ ಸುಮ್ಮನಾದರು, ಬುದ್ಧನ ಉಪದೇಶ ಸಾಗಿತು. ಎರಡು ಕತೆಗಳನ್ನೂ ಜೆಆಮಿ ಪಕ್ಕಪಕ್ಕ ಇಟ್ಟಿದ್ದಾನೆ. ಬಲ ಸಾಲದ ಕಡೆ, ಮಾತು ಸೋತ ಕಡೆ ಆಟ ಗೆದ್ದದ್ದನ್ನು ಎರಡೂ ಹೇಳುತ್ತವೆ.

ಸೂರ್ಯ ಮರೆಯಾಗುವ ಪ್ರಸಂಗವೊಂದು ನಮ್ಮ ಬಯಲಾಟಗಳಿಗೂ ಗೊತ್ತು: ಸೈಂಧವ ವಧೆ. ಸಂಜೆಯೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುವೆನೆಂದು ಅರ್ಜುನನ ಶಪಥ. ಕೃಷ್ಣ ಸೂರ್ಯನನ್ನು ಮರೆಮಾಡುತ್ತಾನೆ, ಹೊತ್ತು ಮುಳುಗಿತೆಂದು ಜಯದ್ರಥ ತಲೆಯೆತ್ತುತ್ತಾನೆ. ಇದೂ ಗ್ರಹಣವೇ ಎಂದು ವಾದಿಸಿ, ಅದರಿಂದ ಭಾರತ ಯುದ್ಧದ ಇಸವಿ ಕಟ್ಟಲು ಹೊರಟವರು ಹಲವರು. ನಾನು ಒಪ್ಪಲಾರೆ. ಸೂರ್ಯಗ್ರಹಣ ಅಮಾವಾಸ್ಯೆಯ ದಿನವಷ್ಟೇ ಆಗುವುದು. ದ್ರೋಣಪರ್ವದಲ್ಲಿ ಅದೇ ರಾತ್ರಿ ಯುದ್ಧ ಮುಂದುವರಿದು, ಘಟೋತ್ಕಚ ಬಿದ್ದು, ದಣಿದ ಸೈನಿಕರು ಇದ್ದಲ್ಲೇ ನಿದ್ದೆಹೋದ ಮೇಲೆ ಚಂದ್ರ ಮೂಡುತ್ತಾನೆ. ಅಮಾವಾಸ್ಯೆಯ ರಾತ್ರಿ ಚಂದ್ರ ಮೂಡುವುದುಂಟೆ? ಅಲ್ಲಿಯದು ಕವಿ ಬೇಕೆಂದೇ ಕಲ್ಪಿಸಿದ ಕತ್ತಲು. ಆದರೂ ಎರಡು ಕತೆಗಳಲ್ಲಿ ಒಂದು ಸಾಮ್ಯವಿದೆ. ಅಡಗಿದವರು ಹೊರಬರುವುದು ಕುತೂಹಲದಿಂದ. ಅಲ್ಲಿ ಹೊರಬಂದದ್ದು ಬೆಳಕು, ಇಲ್ಲಿ ಹೊರಬಂದವನಿಗೆ ಸಾವು. ಆಡುವವರಿಗೆ ಎರಡೂ ರಸವತ್ತಾದ ಸನ್ನಿವೇಶಗಳೇ. ಬದುಕುವುದಕ್ಕೆ ಮಾತ್ರ ನನಗೆ ಜಪಾನಿನ ಕತೆ ಹೆಚ್ಚು ಹತ್ತಿರ.

ಏಕೆಂದರೆ ಗ್ರಹಣದ ಹೊತ್ತಿನ ನಮ್ಮ ನಡವಳಿಕೆಯನ್ನು ನೆನೆದರೆ ಬೇಸರವಾಗುತ್ತದೆ. 1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ನೆರಳು ನಮ್ಮ ರಾಜ್ಯದ ಮೇಲೆಯೇ ಹಾದುಹೋಯಿತು. ಕಾರವಾರ, ಅಂಕೋಲಾ ಕಡೆಯಿಂದ ನೆಲಕ್ಕೆ ಬಂದು ರಾಯಚೂರಿನತ್ತ ಸಾಗಿತು. ವಿಜ್ಞಾನಿಗಳು ಜವಳಗೇರಾದಂಥ ಹಳ್ಳಿಯಲ್ಲಿ ದೂರದರ್ಶಕ ಹೂಡಿ ಕುಳಿತಿದ್ದರು. ಅದೇ ಹೊತ್ತಿಗೆ ಬೀದಿಗಳು ಬಿಕೋ ಎನ್ನುತ್ತಿದ್ದವು. ನೂರಾರು ವರ್ಷಕ್ಕೊಮ್ಮೆ ಮನೆಯ ಬಾಗಿಲಿಗೇ ಬಂದ ನೋಟವನ್ನು ಲಕ್ಷಾಂತರ ಜನ ಕಿಟಕಿ ಮುಚ್ಚಿ ಕಳೆದುಕೊಂಡರು. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಬಾರದೆಂಬ ಎಚ್ಚರಿಕೆ ನಿಜ, ಅದನ್ನು ಪಾಲಿಸಲೇಬೇಕು. ಅಡಗಿ ಕೂರಬೇಕೆಂಬುದಕ್ಕೆ ಮಾತ್ರ ಕಾರಣವಿಲ್ಲ. ಕಾಲ ಬದಲಾಗುತ್ತಿದೆ ಎಂಬುದೂ ನಿಜ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಗ್ರಹಣವನ್ನು ನೋಡಲು ಮಂಗಳೂರಿನಲ್ಲೂ ಕೊಡಗಿನ ಕುಟ್ಟದ ಕಡೆಯೂ ಜನ ಗುಂಪುಗೂಡಿದ್ದರು.

2009ರ ಜುಲೈ 22ರ ಪೂರ್ಣಗ್ರಹಣದ ನೆರಳು ಸೂರತ್ತಿನ ಹತ್ತಿರ ಭಾರತದ ನೆಲಕ್ಕೆ ಇಳಿದು, ಚೀನಾ ದಾಟಿ ಜಪಾನಿನ ದಕ್ಷಿಣದ ಪುಟ್ಟ ದ್ವೀಪಗಳನ್ನು ಮುಟ್ಟಿತು. ಅಲ್ಲಿಯ ಅಕುಸೆಕಿ ದ್ವೀಪದಲ್ಲಿ ಜೋರು ಮಳೆಗಾಳಿ. ಸೂರ್ಯ ಕಾಣಲೇ ಇಲ್ಲ. ಕಾದಿದ್ದವರ ಮೇಲೆ ಆರು ನಿಮಿಷಕ್ಕೂ ಮೀರಿ ಕತ್ತಲು ಕವಿದು ಸರಿಯಿತು. 2035ರ ಸೆಪ್ಟೆಂಬರ್ 2ರಂದು ಜಪಾನಿನ ನಡುವಿನ ಮೇಲೆ ಮತ್ತೊಂದು ಪೂರ್ಣಗ್ರಹಣ ಹಾದುಹೋಗಲಿದೆ. ಅದರ ದಾರಿಯಲ್ಲಿ ನಗಾನೊ ನಗರವಿದೆ. ಗುಹೆಯ ಬಾಗಿಲು ಬಿದ್ದ ಟೊಗಕುಷಿ ಈಗ ಆ ನಗರದ್ದೇ ಭಾಗ.

ಅಷ್ಟು ದೂರ ನಾವು ಹೋಗಬೇಕಿಲ್ಲ. 2027ರ ಆಗಸ್ಟ್ 2ರ ಸಂಜೆ ಕರ್ನಾಟಕದಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಮಳೆಗಾಲವಾದ್ದರಿಂದ ಮೋಡ ಅಡ್ಡ ಬಂದರೂ ಬರಬಹುದು. 2031ರ ಮೇ 21ರ ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗುವಾಗ ನಮಗೂ ಸೂರ್ಯನ ದೊಡ್ಡ ಪಾಲು ಮರೆಯಾಗುತ್ತದೆ. ಶಾಲೆಗಳ ಅಧ್ಯಾಪಕರಲ್ಲಿ, ಹವ್ಯಾಸಿ ರಂಗತಂಡಗಳಲ್ಲಿ, ಯಕ್ಷಗಾನ ಮೇಳಗಳಲ್ಲಿ ನನ್ನದೊಂದು ಕೋರಿಕೆ. ಆ ದಿನಗಳಿಗೆ ಈಗಿನಿಂದಲೇ ಒಂದು ಆಟ ಕಟ್ಟಿ. ಗ್ರಹಣದ ಕನ್ನಡಕಗಳನ್ನು ತರಿಸಿಡಿ, ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಬನ್ನಿ, ಡೋಲು ಚಂಡೆಗಳೂ ಜೊತೆಗಿರಲಿ.